ವೆನಿಸ್‌ನಲ್ಲಿ ಮಾವ್ಶಿ ಹಾಕಿದ ಹಾಸಿಗೆ

ಲಾಡ್ಜಿನಲ್ಲಿ ಹಾಸಿಗೆ ಹಾಕುವವರ ಮನೆಯಿಂದ ಗ್ರ್ಯಾಜುಯೇಟ್ ಹುಟ್ಟುವುದಿಲ್ಲ ಎಂದವನು ನನ್ನ ಸ್ವಂತ ಮಾಮ. ಮಂಗಳೂರಿನ ನಮ್ಮ ಮನೆಯಲ್ಲೇ ಕೂತು, ಲಾಡ್ಜಿನ ಕೆಲಸ ಮುಗಿಸಿ ಬಂದ ಅಮ್ಮ ಕೊಟ್ಟ ಚಹಾ ಕುಡಿಯುತ್ತಾ ಹೇಳಿದ. ಆ ಸಿಟ್ಟು ಹಳತಾಯಿತು ಬಿಡಿ. ಇವತ್ತಿನ ಸಿಟ್ಟು ಬೇರೆ. ಬೆಳಿಗ್ಗೆ, ಈಗ ನಾನಿರುವ ಆಸ್ಟ್ರೇಲಿಯಾದ ವಿಂಡಮ್ ವೇಲ್ ಸ್ಟೇಷನ್ನಿನಲ್ಲಿ ನಿಂತಿದ್ದಾಗ, ನಾಲ್ಕು ವರ್ಷದ ಹಿಂದೆ ನಾನು ಉಳಿದಿದ್ದ ವೆನಿಸ್‌ನ ಪುಟ್ಟ ಹೋಟೆಲಿನಿಂದ ಇಮೇಲ್ ಬಂತು: ‘ಮತ್ತೆ ಬನ್ನಿ, ನಮ್ಮ ಕುಟುಂಬ ನಿಮಗಾಗಿ ಕಾಯುತ್ತಿದೆ.’ ಕುಟುಂಬ! ಆ ಪದವನ್ನೇ ದಿಟ್ಟಿಸುತ್ತಾ ನಿಂತವಳಿಗೆ ರೈಲು ಬಂದು ಹೋದದ್ದೂ ತಿಳಿಯಲಿಲ್ಲ.

ಅಲ್ಲಿಗೆ ನಾನು ಕಾಲುವೆ ನೋಡಲು ಹೋದವಳಲ್ಲ. ಅಮ್ಮನ ತಂಗಿ ಕಾರ್ಮಿನ್ ಮಾವ್ಶಿ ಆ ಹೋಟೆಲಿನಲ್ಲಿ ರೂಮು ಗುಡಿಸುತ್ತಿದ್ದಳು. ಈಗಲೂ ಅಲ್ಲೇ ಇದ್ದಾಳೆ. ಸಿಡ್ನಿಯಲ್ಲಿ ನನ್ನನ್ನು ಓದಿಸಿದ್ದು ಅವಳ ದುಡಿಮೆ. ಅದು ಸಾಲದಿದ್ದಾಗ ನಾನೂ ಸಿಡ್ನಿಯದೇ ಚಾಟ್ಸ್‌ವುಡ್‌ನ ಹೋಟೆಲೊಂದರಲ್ಲಿ ಅದೇ ಕೆಲಸಕ್ಕೆ ಸೇರಿದೆ. ನಮ್ಮಲ್ಲಿ ಹಾಸಿಗೆ ಹಾಕುವುದು ಒಡವೆಯಂತೆ ತಾಯಿಯಿಂದ ಮಗಳಿಗೆ ಬರುತ್ತದೆ. ನನ್ನ ಗ್ರ್ಯಾಜುಯೇಶನ್‌ಗೆ ಬರಲು ಮಾವ್ಶಿ ಒಂದು ವಾರ ರಜೆ ಕೇಳಿದಳು. ಹೋಟೆಲಿನ ಯಜಮಾನಿ, "ಸೀಸನ್‌ನಲ್ಲಿ ಮನೆಯವರು ಮನೆ ಬಿಟ್ಟು ಹೋಗುತ್ತಾರಾ?" ಎಂದಳಂತೆ. ಸಿಡ್ನಿಯ ಆ ಸಭಾಂಗಣದಲ್ಲಿ ಮಾವ್ಶಿಯ ಸೀಟಿನಲ್ಲಿ ನನ್ನ ಜಾಕೆಟ್ ಕೂತಿತ್ತು.

ಹಾಗಾಗಿ ಸರ್ಟಿಫಿಕೇಟು ಹಿಡಿದುಕೊಂಡು ನಾನೇ ಹೋದೆ, ಗೆಸ್ಟ್ ಆಗಿ ರೂಮ್ ಬುಕ್ ಮಾಡಿ. ಅವಳನ್ನು ಆ ಹೋಟೆಲಿನ ಮೇಜಿನ ಮುಂದೆ ಕೂರಿಸಿ, ಎಲ್ಲರೆದುರು ಅದನ್ನು ಕೈಗೆ ಕೊಡಬೇಕು. ಅದೊಂದೇ ಹಟ.

ವೆನಿಸ್ ಚೆಂದವಂತೆ, ನೀವೂ ಕೇಳಿರುತ್ತೀರಿ. ಇರಬಹುದು. ನನಗೆ ನೆನಪಿರುವುದು ಲಿಫ್ಟಿಲ್ಲದ ಮೂರು ಮಹಡಿ, ಕೊಳೆ ಬೆಡ್‌ಶೀಟುಗಳ ಗಂಟು ಹೊತ್ತು ಹಿಂಬಾಗಿಲಿನ ದೋಣಿಗೆ ಇಳಿಯುವ ಅರವತ್ತರ ಹೆಂಗಸು.

ಮೊದಲ ದಿನ ತಿಂಡಿಯ ಹೊತ್ತಿಗೆ ಎದುರಿನ ಕುರ್ಚಿ ಎಳೆದು ಮಾವ್ಶಿಯನ್ನು ಕರೆದೆ. ಯಜಮಾನಿ ನಗುತ್ತಲೇ ಅಡ್ಡ ಬಂದಳು.

"ಅವಳು ನಮ್ಮ ಕುಟುಂಬದವಳೇ. ಅಡುಗೆಮನೆಯಲ್ಲಿ ತಿನ್ನುತ್ತಾಳೆ."

"ನೀವೂ ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತೀರಾ?" ಎಂದೆ.

ಅವಳ ನಗು ಹೋಯಿತು. ಮಾವ್ಶಿ ಒಳಗೆ ನಡೆದಳು. ನಾನು ಯುದ್ಧ ಗೆದ್ದವಳಂತೆ ಎರಡು ಮೊಟ್ಟೆ ತಿಂದೆ.

ಮರುದಿನ, ಮಾವ್ಶಿಗೆ ಒಂದು ರೂಮಾದರೂ ಕಡಿಮೆಯಾಗಲಿ ಎಂದು ನನ್ನ ಹಾಸಿಗೆಯನ್ನು ನಾನೇ ಹಾಕಿದೆ. ಚಾಟ್ಸ್‌ವುಡ್‌ನಲ್ಲಿ ಕಲಿಸಿದ್ದಂತೆ ಮೂಲೆಗಳನ್ನು ಲಕೋಟೆಯ ಹಾಗೆ ಮಡಚಿ, ಬಿಗಿಯಾಗಿ ಸಿಕ್ಕಿಸಿ. ಮಾವ್ಶಿ ಬಂದವಳೇ ಒಂದೇ ಎಳೆತಕ್ಕೆ ಎಲ್ಲವನ್ನೂ ಕಿತ್ತು ನೆಲಕ್ಕೆ ಹಾಕಿದಳು. ನಮ್ಮ ಮನೆಯಲ್ಲಿ ಮಾತು ಕೊಂಕಣಿ; ಜಗಳ ಮಾತ್ರ ಕನ್ನಡದಲ್ಲಿ.

"ಎಂತ ಮಾರಾಯ್ತಿ ಇದು? ಇಲ್ಲಿ ಹೀಗೆ ಹಾಕುವ ಕ್ರಮ ಇಲ್ಲ. ಯಜಮಾನಿ ದಿನಾ ಬಂದು ಮೂಲೆ ನೋಡ್ತಾಳೆ. ಗೆಸ್ಟ್ ಹತ್ರ ಕೆಲಸ ಮಾಡಿಸಿದೆ ಅಂತ ಆಗ್ತದೆ."

"ನಿನಗೆ ಸಹಾಯ ಅಂತ ಮಾಡಿದೆ."

"ನಿನ್ನೆ ಮಾಡಿದ್ದೂ ಸಹಾಯವಾ? ನೀನು ದೊಡ್ಡ ಮಾತಾಡಿದೆ. ಅವಳು ನನ್ನ ಭಾನುವಾರದ ರಜೆ ತೆಗೆದ್ಳು, ಚರ್ಚಿನ ಪೂಜೆಗೂ ಹೋಗ್ಲಿಕ್ಕಿಲ್ಲ ಈಗ. ನೀನು ನಾಳೆ ಹೋಗ್ತಿ. ನಾನು ಇಲ್ಲೇ ಇರುದು."

"ಬಿಟ್ಟು ಬಾ. ನನ್ನ ಜೊತೆ ಆಸ್ಟ್ರೇಲಿಯಾಕ್ಕೆ."

"ಬಂದು ಎಂತ ಮಾಡ್ಲಿ? ನಿನ್ನ ಹಾಸಿಗೆ ಹಾಕುದಾ?"

ಯಜಮಾನಿಯ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಗೆದ್ದದ್ದು ನಾನು, ದಂಡ ಕಟ್ಟಿದ್ದು ಅವಳು. ನೆಲದ ಮೇಲಿದ್ದ ಶೀಟು ಎತ್ತಲು ಬಗ್ಗಿದೆ.

"ಅಲ್ಲಿ ಕೂತ್ಕೋ. ಇಷ್ಟು ವರ್ಷ ಯಾರ್ಯಾರದ್ದೋ ಹಾಸಿಗೆ ಹಾಕಿದ್ದೇನೆ. ಇವತ್ತು ನಿನ್ನದು ಹಾಕ್ಲಿಕ್ಕೆ ಬಿಡು."

ಕೂತೆ. ಅವಳು ಅವಸರವಿಲ್ಲದೆ ಹೊಸ ಶೀಟು ಬಿಡಿಸಿದಳು, ಅಂಗೈಯಿಂದ ಒಂದೊಂದೇ ಸುಕ್ಕು ಸವರಿದಳು. ಮುಗಿದ ಮೇಲೆ ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಮೇಜಿಲ್ಲ, ನೋಡುವವರಿಲ್ಲ. ಅವಳು ಬಾಗಿಲು ಮುಚ್ಚಿ, ಕೆಲಸದವರು ಕೂರಬಾರದ ಆ ಹಾಸಿಗೆಯ ಮೇಲೆ ನಡುಮಧ್ಯದಲ್ಲೇ ಕೂತು, ಸಾಲುಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು.

"ಇದ್ರಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ," ಎಂದಳು. "ಹಾಗಾದ್ರೆ ಓದಿಸಿದ್ದು ಯಾರು ಅಂತ ನೀನೇ ಬಾಯಲ್ಲಿ ಹೇಳ್ಬೇಕು, ಗೊತ್ತಾಯ್ತಾ?"