ಹೆಸರಿಲ್ಲದ ಎದೆಬಡಿತ

ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕದೊಂದು ಬಿಳಿಯ ಅಂಟುಪಟ್ಟಿ ನನ್ನ ಹೆಂಡತಿ ಸರೋಜಳ ಎದೆಯ ಮೇಲೆ ಕೆಲವು ದಿನ ವಾಸವಾಗಿತ್ತು. ದೊಡ್ಡನೆಕ್ಕುಂದಿಯ ನಮ್ಮ ಮನೆಯಲ್ಲಿ ಅದಕ್ಕೆ ಅವಳಿಟ್ಟ ಹೆಸರು ‘ನೆಂಟ’. ಕರೆಯದೆ ಬಂದು, ಸ್ನಾನದ ಮನೆಗೂ ಜೊತೆಯಲ್ಲೇ ಬರುವ ನೆಂಟ.

ಅದು ಬಂದ ಕಾರಣ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದವಳು ಒಲೆಯ ಮುಂದೆಯೇ ಕುಸಿದಳು. ನಾನು ನೀರು ತರುವಷ್ಟರಲ್ಲಿ ತಾನೇ ಎದ್ದು ಒಲೆ ಆರಿಸಿದ್ದಳು. ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಎಲ್ಲವೂ ಸರಿಯಿತ್ತು. ಕಾರ್ಖಾನೆಯಲ್ಲಿ ಯಂತ್ರಗಳ ನಡುವೆಯೇ ನಿವೃತ್ತನಾದ ನನಗೆ ಇದೇನೂ ಹೊಸದಲ್ಲ. ತಪಾಸಣೆಯ ಹೊತ್ತಿಗೆ ಸಭ್ಯವಾಗಿ ನಡೆದುಕೊಳ್ಳುವುದು ಯಂತ್ರದಂತೆ ಹೃದಯಕ್ಕೂ ಗೊತ್ತು. ಹಾಗಾಗಿ ವೈದ್ಯೆ ಈ ಪಟ್ಟಿ ಅಂಟಿಸಿದರು. ಬಡಿತಗಳೆಲ್ಲ ಫೋನಿನ ಮೂಲಕ ಆಸ್ಪತ್ರೆಯ ಕಂಪ್ಯೂಟರಿಗೆ ಹೋಗುತ್ತವಂತೆ.

“ನನ್ನೆದೇಲಿ ಇರೋದನ್ನೆಲ್ಲ ನಿಮಗೇ ಹೇಳಿಲ್ಲ, ಕಂಪ್ಯೂಟರ್‌ಗ್ಯಾಕ್ರೀ ಹೇಳ್ಬೇಕು?” ಎಂದು ಸರೋಜ ಗೊಣಗಿದಳು. ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಎದೆಯಲ್ಲಿಟ್ಟುಕೊಳ್ಳುವುದು, ಎದೆ ತೋಡಿಕೊಳ್ಳುವುದು ಎಂದೆಲ್ಲ ಹೇಳುತ್ತ ಬಂದವರು ನಾವು. ತೋಡಿಕೊಳ್ಳುವುದಕ್ಕೆ ಆಪ್ತರು ಬೇಕು ಎಂದೇ ನಂಬಿದವರು.

ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು. ಸರೋಜ ಸ್ಪೀಕರ್ ಒತ್ತಿದಳು.

“ಅಮ್ಮಾ, ತಲೆ ಸುತ್ತಾ ಇದ್ಯಾ?”

“ಒಂಚೂರು ಕಣ್ಣು ಕತ್ಲೆ ಬಂದಂಗಾಯ್ತು. ಬಿಸಿಲಿಗೆ ಇರ್ಬೇಕು.”

“ಬಿಸಿಲಲ್ಲ ಅಮ್ಮಾ. ನಿಮ್ಮ ಎದೆಬಡಿತ ಕೆಲವು ಸೆಕೆಂಡು ನಿಂತು ಮತ್ತೆ ಶುರುವಾಗಿದೆ ಅಂತ ಕಂಪ್ಯೂಟರ್ ಗುರುತು ಹಿಡಿದು ತೋರಿಸಿದೆ. ಎದ್ದು ಓಡಾಡ್ಬೇಡಿ, ಆಂಬುಲೆನ್ಸ್ ಕಳಿಸ್ತಾ ಇದ್ದೀವಿ.”

ಎದುರಿಗೇ ಕೂತಿದ್ದ ನನಗೆ ಗೊತ್ತಾಗದ್ದು, ಎಲ್ಲೋ ಕೂತಿದ್ದ ಆ ಹುಡುಗಿಗೆ ಗೊತ್ತಾಗಿತ್ತು. ನಿಜ ಹೇಳಬೇಕೆಂದರೆ ಭಯಕ್ಕಿಂತ ಮುಂಚೆ ನನ್ನಲ್ಲಿ ಹುಟ್ಟಿದ್ದು ಸಣ್ಣದೊಂದು ಅಸೂಯೆ. ಭಯ ಆಂಬುಲೆನ್ಸಿನಲ್ಲಿ, ಅವಳು ನನ್ನ ಬೆರಳನ್ನು ಬಿಡದೆ ಹಿಡಿದುಕೊಂಡಾಗ ಬಂತು.

ಹೃದಯ ನಿಲ್ಲದಂತೆ ಕಾಯುವ ಪೇಸ್‌ಮೇಕರನ್ನು ಚರ್ಮದಡಿ ಕೂರಿಸಿದರು. ಅವಳು ಚೇತರಿಸಿಕೊಂಡಳು. ಮರುತಪಾಸಣೆಗೆ ಹೋದಾಗ ವೈದ್ಯೆ ಕೇಳಿದರು: “ನಿಮ್ಮ ಬಡಿತದ ದಾಖಲೆಯನ್ನ ನಾವು ಇಟ್ಕೋಬಹುದಾ? ಹೆಸರು, ವಿಳಾಸ ತೆಗೆದುಹಾಕ್ತೀವಿ. ಇಂಥವನ್ನ ಕಂಪ್ಯೂಟರ್‌ಗೆ ತೋರಿಸಿ ಕಲಿಸಿದ್ರೆ ಬೇರೆಯವರಲ್ಲಿ ಬೇಗ ಗುರುತು ಹಿಡಿಯುತ್ತೆ. ಇಷ್ಟ ಇಲ್ಲ ಅಂದ್ರೆ ಬೇಡ ಅನ್ನಿ, ನಿಮ್ಮ ಚಿಕಿತ್ಸೆಗೇನೂ ತೊಂದರೆ ಇಲ್ಲ.”

ಸರೋಜ ಸೆರಗಿನ ಮೇಲಿಂದಲೇ ಪೇಸ್‌ಮೇಕರ್ ಇದ್ದ ಜಾಗವನ್ನೊಮ್ಮೆ ಮುಟ್ಟಿಕೊಂಡು “ಇಟ್ಕೊಳ್ಳಿ” ಎಂದಳು.

ವಾಪಸು ಬರುವಾಗ ಮಾರತ್ತಹಳ್ಳಿಯಲ್ಲಿ ಬಸ್ಸು ಎಂದಿನಂತೆ ನಿಂತುಬಿಟ್ಟಿತು. ಕಿಟಕಿಯಾಚೆ ರಸ್ತೆ ದಾಟುವವರ ಜಾತ್ರೆ: ಕೊರಳಿಗೆ ಕಚೇರಿಯ ಗುರುತಿನ ಚೀಟಿ ತೂಗುಹಾಕಿಕೊಂಡವರು, ತಲೆಯ ಮೇಲೆ ಮೂಟೆ ಹೊತ್ತವರು, ಮಗುವನ್ನೆಳೆದುಕೊಂಡು ಓಡುವವರು. ಸರೋಜ ಅವರನ್ನೇ ದಿಟ್ಟಿಸುತ್ತಿದ್ದಳು.

“ರೀ, ಆ ಕಂಪ್ಯೂಟರ್ ನನ್ನ ಬಡಿತ ನೋಡೋಕೆ ಮುಂಚೆ ಇನ್ಯಾರದ್ದೋ ನೋಡಿ ಕಲ್ತಿರ್ಬೇಕಲ್ವಾ?”

“ಹೌದು, ಕಲ್ತೇ ಇರ್ಬೇಕು.”

“ಹಂಗಾದ್ರೆ ಅವರೂ ಒಂದಿನ ಇಟ್ಕೊಳ್ಳಿ ಅಂದಿರ್ತಾರೆ. ಬದುಕಿದ್ದಾರೋ ಇಲ್ವೋ, ಪಾಪ.”

ಬಸ್ಸು ಹೊರಟಿತು. ಹಿಂದಕ್ಕೆ ಸರಿಯುತ್ತಿದ್ದ ಜನರ ಕಡೆಗೆ, ಯಾರಿಗೆ ಎಂದು ತಿಳಿಯದೆಯೇ, ಅವಳು ಮಡಿಲಲ್ಲಿದ್ದ ಕೈಗಳನ್ನು ಮೆಲ್ಲಗೆ ಜೋಡಿಸಿದಳು.