ಬೆಳ್ಳಿಯಪ್ಪನ ಸೊಂಟದ ಹಗ್ಗ

ಬಣಕಲ್ ಕಡೆಯ ಆ ಎಸ್ಟೇಟಿನಲ್ಲಿ ಬೆಳ್ಳಿಯಪ್ಪನಷ್ಟು ಎತ್ತರ ಹತ್ತುವವನು ಇನ್ನೊಬ್ಬನಿರಲಿಲ್ಲ. ಕಾಫಿಗೆ ನೆರಳು ಹೆಚ್ಚಾದರೆ ಕಾಯಿ ಕಚ್ಚುವುದಿಲ್ಲ. ಮಳೆಗಾಲಕ್ಕೆ ಮುಂಚೆ ಅತ್ತಿ, ಬಸರಿ ಮರಗಳ ತುದಿಗೇರಿ ಕೊಂಬೆ ಕಡಿದು ಬೆಳಕು ಬಿಡಬೇಕು. ಅದಕ್ಕೆ ಮರಗಸಿ ಎನ್ನುತ್ತಾರೆ. ಒಂಟಿ ಬಿದಿರಿನ ಏಣಿ, ಸೊಂಟಕ್ಕೊಂದು ಕತ್ತಿ, ಅಷ್ಟೇ. ಬಿಳಿ ದೊರೆ ಕುದುರೆ ನಿಲ್ಲಿಸಿ ಕತ್ತೆತ್ತಿ ನೋಡುತ್ತಿದ್ದನಂತೆ. ನೋಡುವುದಕ್ಕೇನು ಕಷ್ಟ!

ಬೆಳ್ಳಿಯಪ್ಪನನ್ನು ಕೆಡಿಸಿದ್ದು ಚಳಿಜ್ವರ. ವರ್ಷಾವರ್ಷ ಬಂದು ಮೈ ಹಿಂಡಿ ಹೋಗುತ್ತಿತ್ತು. ಅದರ ಮದ್ದು ಕ್ವಿನೈನ್ ಕುಡಿದೂ ಕುಡಿದೂ ಕಿವಿಯೊಳಗೆ ಜೀರುಂಡೆ ಕೂತು ಗುಂಯ್‌ಗುಟ್ಟತೊಡಗಿದವು. ಮೊದಮೊದಲು ಜ್ವರ ಬಿಟ್ಟಾಗ ಅವೂ ಬಿಡುತ್ತಿದ್ದವು. ಆಮೇಲೆ ಬಿಡಲೇ ಇಲ್ಲ. ಮುಖದ ಹತ್ತಿರ ಬಂದು ಕಿರುಚಿದರೆ ಮಾತ್ರ ಮಾತು ಕೇಳುತ್ತಿತ್ತು. ಇದು ಗೊತ್ತಿದ್ದುದು ಹೆಂಡತಿ ಸಿದ್ದಮ್ಮನೊಬ್ಬಳಿಗೇ.

ಮರಗಸಿಗೆ ಒಂದು ಕಟ್ಟುಪಾಡಿದೆ. ಮೇಲಿನವನು “ಕೊಂಬೆ!” ಎಂದು ಕೂಗಬೇಕು. ಕೆಳಗೆ ಕಡಿದ ಸೊಪ್ಪು ಎಳೆಯುವವನು ದೂರ ಸರಿದು “ಹೊಡಿ!” ಎನ್ನಬೇಕು. ಅದು ಕಿವಿಗೆ ಬಿದ್ದ ಮೇಲೆಯೇ ಕೊನೆಯ ಏಟು. ಬೆಳ್ಳಿಯಪ್ಪ ಕೂಗುತ್ತಿದ್ದ, ಬಗ್ಗಿ ನೋಡುತ್ತಿದ್ದ, ಕೆಳಗಿನವನು ಸರಿದದ್ದು ಕಂಡ ಮೇಲೆ ಕಡಿಯುತ್ತಿದ್ದ. ಹಾಗೆಯೇ ದಿನ ದೂಡಿದ.

ಆವತ್ತು ಬೆಳಿಗ್ಗೆಯಿಂದ ಮಂಜು. ಕೆಳಗಿದ್ದವನು ಗುರುವಯ್ಯ, ಬಾಯಿ ಜೋರಿನ ಗಟ್ಟಿ ಆಳು. ಬೆಳ್ಳಿಯಪ್ಪ ಕೂಗಿದ, ಬಗ್ಗಿದ, ಏನೂ ಕಾಣಲಿಲ್ಲ. ಇಷ್ಟು ಹೊತ್ತಿಗೆ ಸರಿದಿರುತ್ತಾನೆ ಎಂದುಕೊಂಡು ಕತ್ತಿ ಬೀಸಿದ. ಕಾಫಿ ಗಿಡಕ್ಕೆ ಸಿಕ್ಕ ಕಂಬಳಿ ಬಿಡಿಸಿಕೊಳ್ಳುತ್ತ ಗುರುವಯ್ಯ “ತಡಿಯೋ, ತಡಿಯೋ” ಎಂದು ಬಡಕೊಂಡದ್ದು ಆ ಜೀರುಂಡೆಗಳನ್ನು ದಾಟಿ ಹೋಗಲಿಲ್ಲ. ಕೊಂಬೆ ಅವನ ಬಲಭುಜವನ್ನು ಜಜ್ಜಿಹಾಕಿತು.

ಗುರುವಯ್ಯನಿಗೆ ಎಚ್ಚರವಿರಲಿಲ್ಲ. ಸುತ್ತ ಬೇರೆ ಯಾರೂ ಇರಲಿಲ್ಲ. ಮೇಸ್ತ್ರಿ ತಿಮ್ಮಪ್ಪ ಬಂದು ಬೆಳ್ಳಿಯಪ್ಪನ ಕಿವಿಯ ಹತ್ತಿರವೇ ಅರಚಿದ: “ಹೊಡಿ ಅಂದಿದ್ನೇನೋ ಅವ್ನು? ಹಾಗಂದೂ ಅಲ್ಲೇ ನಿಂತಿದ್ರೆ ತಪ್ಪು ಅವ್ನದೇ, ಲೈನಿನ ಕೂಲಿಮನೆ ಬಿಟ್ಟು ಹೋಗ್ಲಿ. ಅವ್ನು ಅನ್ನೋಕೆ ಮುಂಚೆನೇ ನೀನು ಕಡ್ದಿದ್ರೆ ಇನ್ಮೇಲೆ ಮರ ಮುಟ್ಬೇಡ. ನಾಳೆ ಎಲ್ಲರೆದುರು ಹೇಳು.”

ಸಂಜೆ ಸಿದ್ದಮ್ಮ ಒಲೆ ಹಚ್ಚಲಿಲ್ಲ. ಗಂಡನ ಮುಖಕ್ಕೆ ಮುಖ ತಂದು ಕಿರುಚಿದಳು.

“ಅಂದ ಅಂತ ಹೇಳಿಬಿಡು ಮಾರಾಯ. ಅವ್ನು ಬದುಕ್ತಾನೋ ಇಲ್ವೋ. ನೀನು ಮರ ಬಿಟ್ರೆ ನಿನ್ನ ಯಾರು ಇಟ್ಕೋತಾರೆ? ಕಿವುಡ ಅಂತ ನಾಯಿನೂ ಮೂಸಲ್ಲ.”

“ಅವ್ನು ಏನಂದ್ನೋ ನಂಗೆ ಗೊತ್ತಿಲ್ಲ ಕಣೆ.”

“ಗೊತ್ತಿಲ್ದಿದ್ರೆ ಒಳ್ಳೇದೇ ಆಯ್ತಲ್ಲ!”

ಬೆಳ್ಳಿಯಪ್ಪ ಕತ್ತಿಯ ಬಾಯಿಯನ್ನು ಹೆಬ್ಬೆರಳಿನಲ್ಲಿ ಸವರುತ್ತ ಕೂತ. ಗುರುವಯ್ಯನ ಹೆಂಡತಿ ಜವರಮ್ಮ ಪಕ್ಕದ ಮನೆಯಲ್ಲಿ ಗೋಳಾಡುತ್ತಿದ್ದಳು. ಅದೂ ಅವನಿಗೆ ಕೇಳಲಿಲ್ಲ. ಸಿದ್ದಮ್ಮ ಮತ್ತೆ ಮತ್ತೆ ಆ ಗೋಡೆಯ ಕಡೆ ತಿರುಗುವುದು ಮಾತ್ರ ಕಾಣುತ್ತಿತ್ತು.

ಬೆಳಿಗ್ಗೆ ಆಳುಗಳು ಸಾಲು ನಿಂತಾಗ ಅವನು ಕತ್ತಿಯನ್ನು ಮೇಸ್ತ್ರಿಯ ಕಾಲ ಬಳಿ ಇಟ್ಟ. “ನಂಗೆ ಕಿವಿ ಕೇಳ್ಸಲ್ಲ. ಮುಚ್ಚಿಟ್ಟಿದ್ದೆ. ಗುರುವಯ್ಯನ ಮೇಲೆ ತಪ್ಪು ಹಾಕ್ಬೇಡಿ.”

ಯಾರೂ ಭಲೇ ಎನ್ನಲಿಲ್ಲ. ಸತ್ಯ ಹೇಳಿದವನ ಹೆಗಲು ತಟ್ಟುವ ಜನ ಯಾವ ಊರಲ್ಲಿದ್ದಾರೋ! ತಿಮ್ಮಪ್ಪ ಉಗುಳಿದ. “ಥೂ, ಮುಂಚೆ ಬೊಗಳೋಕೇನಾಗಿತ್ತು?” ಅಂದಿನಿಂದ ಬೆಳ್ಳಿಯಪ್ಪ ಹೆಂಗಸರ ಹಿಂದೆ ಸೊಪ್ಪು ಎಳೆದ. “ಮಾವಾ, ಹೊಡಿ!” ಎಂದು ಬೆನ್ನ ಹಿಂದೆ ಹುಡುಗಿಯರು ಕೂಗಿ ನಗುತ್ತಿದ್ದರು. ಕೇಳಿಸದಿದ್ದರೂ ಆ ನಗು ಯಾತಕ್ಕೆಂದು ಅವನಿಗೆ ಗೊತ್ತಿತ್ತು. ಸಂಜೆ ಜವರಮ್ಮನ ಬಾಗಿಲಿಗೆ ಸೌದೆ ಹೊತ್ತು ಹಾಕುತ್ತಿದ್ದ. ಅವಳು ಅದನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ಮರುದಿನ ಮತ್ತೆ ತರುತ್ತಿದ್ದ.

ಗುರುವಯ್ಯ ಬದುಕಿದ. ಬಲಗೈ ಮಾತ್ರ ಒಣಗಿದ ಬಳ್ಳಿಯ ಹಾಗೆ ಜೋತುಬಿತ್ತು. ಒಂಟಿ ಕೈಯವನಿಗೆ ತೋಟದಲ್ಲಿ ಏನು ಕೆಲಸ? ಮುಂದಿನ ಮರಗಸಿಯ ಹೊತ್ತಿಗೆ ಹತ್ತುವವರಿಲ್ಲದೆ ತಿಮ್ಮಪ್ಪ ತಲೆ ಕೆರೆದುಕೊಳ್ಳುತ್ತಿದ್ದಾಗ ಗುರುವಯ್ಯನೇ ಹೋಗಿ ನಿಂತ.

“ಆ ಕಿವುಡನ ಸೊಂಟಕ್ಕೆ ಹಗ್ಗ ಕಟ್ಟಿ, ತುದಿ ನನ್ನ ಕೈಗೆ ಕೊಡಿ. ಮಂಜೋ ಮಳೆಯೋ, ನಾನು ಜಗ್ಗಿದ ಮೇಲೆ ಕಡೀಲಿ.”

“ಅವನ್ನ ಕ್ಷಮಿಸ್ದೆಯೇನೋ?”

“ಕ್ಷಮೆ? ಗಂಜಿ ಬೇಕಲ್ಲ ಸ್ವಾಮಿ.”

ಬೆಳ್ಳಿಯಪ್ಪ ಮತ್ತೆ ಮರ ಹತ್ತಿದ. “ಕೊಂಬೆ!” ಎಂದು ಕೂಗುವುದು, ಕತ್ತಿ ಎತ್ತಿ ನಿಲ್ಲುವುದು. ಗುರುವಯ್ಯ ಕೆಲವು ಸಲ ಕೂಡಲೇ ಜಗ್ಗುತ್ತಿದ್ದ. ಕೆಲವು ಸಲ, ಸೊಪ್ಪು ಎಳೆಯುವವರೆಲ್ಲ ದೂರ ಸರಿದಿದ್ದರೂ, ತನ್ನ ಜಜ್ಜಿದ ಭುಜ ಹಿಂಡುವ ದಿನಗಳಲ್ಲಿ, ಹಗ್ಗವನ್ನು ಸಡಿಲ ಬಿಟ್ಟು ಬೀಡಿ ಹಚ್ಚಿ ಸುಮ್ಮನೆ ಕೂತುಬಿಡುತ್ತಿದ್ದ. ಮೇಲೆ ಗಾಳಿ ಬೀಸುತ್ತಿತ್ತು. ಬೆಳ್ಳಿಯಪ್ಪ ಒಂದು ಕೈಯಲ್ಲಿ ಮರವನ್ನು ಅಪ್ಪಿಕೊಳ್ಳುತ್ತಿದ್ದ. ಅವನು ಇಳಿದು ಬಂದು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಹಗ್ಗ ಬಿಗಿಯುವವರೆಗೆ ಕತ್ತಿ ಎತ್ತಿಕೊಂಡೇ ನಿಂತಿರುತ್ತಿದ್ದ.