ಅಡಿಕೆ ಇಟ್ಟಿದ್ದ ಕರಡಿಗೆ

ನಿಮ್ಮ ಕೊರಳ ಲಿಂಗ ಕಳೆದುಹೋಗಿರಲಿಲ್ಲ, ನೀಲವ್ವ. ಅದನ್ನು ನಾನು ಕದ್ದೆ. ಗುಲ್ಬರ್ಗಾದಿಂದ ಸೊಲ್ಲಾಪುರಕ್ಕೆ ಹೊರಟ ಪ್ಯಾಸೆಂಜರ್ ಗಾಡಿಯಲ್ಲಿ ನಿಮ್ಮೆದುರು ಕೂತಿದ್ದ, ಹಣೆ ತುಂಬ ವಿಭೂತಿ ಹಚ್ಚಿದ್ದ ನಿಂಬರ್ಗಾದ ಮುದುಕ — ನೀವು ಕಾಲು ಮುಟ್ಟಿ ನಮಸ್ಕರಿಸಿದಿರಲ್ಲ, ಅವನೇ. ಹದಿನೇಳು ವರ್ಷವಾಯಿತು. ನಿನ್ನೆಯ ತನಕ ಯಾರಿಗೂ ಹೇಳಿರಲಿಲ್ಲ. ಹೆಂಡತಿ ಸಾಯುವಾಗ ಕೈ ಹಿಡಿದು ಕೂತಿದ್ದೆ, ಆಗಲೂ ಬಾಯಿ ಬರಲಿಲ್ಲ.

ನಾನು ಎಂಥವನೆಂದು ಮೊದಲು ಹೇಳಿಬಿಡುತ್ತೇನೆ. ಊರಲ್ಲಿ ನೇಮದ ಮನುಷ್ಯನೆಂದು ಹೆಸರು. ಲಿಂಗವನ್ನು ಮನೆಯಲ್ಲಿ ಮರೆತು ಬಂದನೆಂದು ಒಬ್ಬನನ್ನು ಮದುವೆಯ ಪಂಕ್ತಿಯಿಂದ ಎಬ್ಬಿಸಿ ಕಳಿಸಿದವನು — ಎಲ್ಲರೆದುರಿಗೆ, ಹೋಳಿಗೆ ಬಡಿಸಿಯಾದ ಮೇಲೆ. ಅಂಥ ನಾನು, ಆ ಬೇಸಿಗೆಯ ಪ್ರಯಾಣಕ್ಕೆ ಮೂರು ತಿಂಗಳ ಮುಂಚೆ, ಅಫಜಲಪುರದ ಕಡೆ ಭೀಮಾ ಹೊಳೆಯಲ್ಲಿ ನಿಂತು ಪೂಜೆ ಮಾಡುವಾಗ ಅಂಗೈಯಿಂದ ನನ್ನ ಲಿಂಗ ಜಾರಿಸಿಕೊಂಡೆ. ಕೆಸರೆಲ್ಲ ಬಾಚಿದೆ, ಸಿಗಲಿಲ್ಲ. ಗುರುಗಳ ಮುಂದೆ ಹೇಳಿದ್ದರೆ ಹೊಸದು ಕಟ್ಟುತ್ತಿದ್ದರು, ಮುಗಿಯುತ್ತಿತ್ತು. ಆದರೆ ಪಂಕ್ತಿಯಿಂದ ಎದ್ದು ಹೋದವನು ನಗುತ್ತಾನಲ್ಲ — ಅದಕ್ಕೆ ಹೆದರಿದೆ. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯಲ್ಲಿ, ಲಿಂಗ ಇರಬೇಕಾದ ಜಾಗದಲ್ಲಿ, ಒಂದು ಅಡಿಕೆ ಇಟ್ಟುಕೊಂಡೆ. ಬಾಗಿಲು ಮುಚ್ಚಿಕೊಂಡು ಅದಕ್ಕೇ ನೀರು ಹಾಕುತ್ತಿದ್ದೆ.

ಸೊಲ್ಲಾಪುರದಲ್ಲಿ ಮರುದಿನ ನಸುಕಿಗೆ ಮೊಮ್ಮಗಳ ದೀಕ್ಷೆ. ಹಿರಿಯರೆಲ್ಲ ಸಾಲಾಗಿ ಕೂತು, ಕರಡಿಗೆ ತೆರೆದು, ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಬೇಕು. ಎಲ್ಲರಿಗಿಂತ ಹಿರಿಯ ನಾನೇ. ಗಾಡಿ ಹತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಗಾಡಿಯ ಆ ಡಬ್ಬಿ ನಿಮಗೆ ನೆನಪಿರಬೇಕು. ಎಂಟು ಜನರ ಜಾಗದಲ್ಲಿ ಇಪ್ಪತ್ತು ಜನ, ತೊಗರಿ ಚೀಲದ ಮೇಲೆ ಮನುಷ್ಯರು, ಮನುಷ್ಯರ ತೊಡೆಯ ಮೇಲೆ ಗಂಟು. ಕಲ್ಲಿದ್ದಲ ಹೊಗೆ, ಕೆಂಡದಂಥ ಬಿಸಿಲು. ನೀವು ಕೊಳಕೂರಿನ ನೀಲವ್ವ ಎಂದು, ಮಗಳ ಬಾಣಂತನಕ್ಕೆ ಹೊರಟಿದ್ದೀರೆಂದು ಪಕ್ಕದವರಿಗೆ ಹೇಳುತ್ತಿದ್ದಿರಿ. ನಾನು ಎಲೆಯಡಿಕೆಗೆಂದು ನನ್ನ ಚೀಲಕ್ಕೆ ಕೈ ಹಾಕಿದೆ. ಬುತ್ತಿಯ ಮೇಲೆ ಏನೋ ಬೆಚ್ಚಗೆ ಬೆರಳಿಗೆ ತಾಗಿತು. ಬಿಳಿ ಅರಿವೆಯಲ್ಲಿ ಸುತ್ತಿದ ಲಿಂಗ, ಹರಿದ ದಾರ. ಹತ್ತುವಾಗಿನ ನೂಕಾಟದಲ್ಲಿ ನಿಮ್ಮ ಕೊರಳಿಂದ ಹರಿದು ಬಿದ್ದಿರಬೇಕು.

ಅದೇ ಗಳಿಗೆಗೆ ನೀವು ಎದೆ ಮುಟ್ಟಿಕೊಂಡು ಚೀರಿದಿರಿ. “ಯಪ್ಪಾ, ನನ್ನ ಲಿಂಗ!”

ಹೇಳಲು ಒಂದು ಉಸಿರಿನಷ್ಟು ಸಮಯ ಇತ್ತು, ನೀಲವ್ವ. ಇಲ್ಲಿದೆ ಎಂದು ಕೈ ಎತ್ತಿದ್ದರೆ ಸಾಕಿತ್ತು. ನಾನು ಚೀಲದ ಬಾಯಿ ಬಿಗಿದೆ.

ಡಬ್ಬಿಯೆಲ್ಲ ಹುಡುಕಿತು. ಗಾದಿಗೆ ಹತ್ತಿ ತುಂಬುವ ಮೆಹಬೂಬ ಎಂಬಾತ ತನ್ನ ಟವೆಲ್ ಕೈಗೆ ಸುತ್ತಿಕೊಂಡು — ತನ್ನ ಕೈ ನೇರ ತಾಗಬಾರದೆಂದು — ಎಲ್ಲರ ಕಾಲಡಿ ತೆವಳಿದ. ನಾನೂ ಬಗ್ಗಿ ಹುಡುಕಿದೆ. ಥೂ, ಈಗಲೂ ಆ ಬಗ್ಗಿದ ಬೆನ್ನು ನೆನಪಾದರೆ ಮೈ ಉರಿಯುತ್ತದೆ. ಆಮೇಲೆ ಜನರನ್ನು ದಾಟಿ ಪಾಯಖಾನೆಗೆ ಹೋದೆ. ಅಲ್ಲಿ, ಆ ನಾತದಲ್ಲಿ ನಿಂತು, ಅಡಿಕೆಯನ್ನು ಹಳಿಯ ಮೇಲೆ ಬಿಸಾಕಿ ನಿಮ್ಮ ಲಿಂಗವನ್ನು ನನ್ನ ಕರಡಿಗೆಗೆ ತುಂಬಿದೆ.

ಗಾಡಿ ಎರಡು ಕಡೆ ಎದುರು ಗಾಡಿಗಾಗಿ ನಿಂತೇ ನಿಂತಿತು. ಮಧ್ಯಾಹ್ನವಾಯಿತು. ಮೆಹಬೂಬ ಹೂಜಿ ಹಿಡಿದು ಬೇಡಿಕೊಂಡ: “ಅಮ್ಮಾ, ಬಿಮಾರ ಬೀಳ್ತೀರಿ. ಒಂದ್ ಗುಟುಕರೆ ಕುಡೀರಿ.” ಲಿಂಗವಿಲ್ಲದೆ ನೀರು ಹ್ಯಾಂಗ ಇಳೀತದಪ್ಪಾ ಎಂದು ನೀವು ತಲೆಯಾಡಿಸಿದಿರಿ. ಸುಮ್ಮನೆ ನುಂಗುತ್ತಿದ್ದಿರಿ, ಒಣ ಗಂಟಲಲ್ಲಿ ಇಲ್ಲದ ನೀರನ್ನು. ಅಷ್ಟು ಜನರ ಗದ್ದಲದಲ್ಲೂ ಆ ಸದ್ದು ನನಗೆ ಕೇಳಿಸುತ್ತಿತ್ತು. ಗುಟುಕ್. ಸ್ವಲ್ಪ ಹೊತ್ತು ಬಿಟ್ಟು, ಮತ್ತೆ — ಗುಟುಕ್.

ಆಮೇಲೆ ನೀವು ಅಳುವುದನ್ನು ನಿಲ್ಲಿಸಿದಿರಿ. ನಿಮ್ಮ ಕಣ್ಣು ಬಂದು ನನ್ನ ಎದೆಯ ಮೇಲೆ ನಿಂತಿತು. “ಅದು ದೂರ ಹೋಗಿಲ್ಲ” ಎಂದಿರಿ, ಯಾರಿಗೂ ಅಲ್ಲದಂತೆ. “ಇಲ್ಲೇ ಉಸಿರಾಡಾಕತ್ತದ. ನನಗ ಕೇಳಸ್ತದ.” ನಿಮಗೆ ಗೊತ್ತಾಯಿತು ಎಂದುಕೊಂಡೆ. ಆದರೆ ನೀವು ಕೈ ಮುಗಿದಿರಿ.

“ಶರಣರ, ನಿಮ್ಮ ಕರಡಗಿ ಒಂದೀಟ ತೆರೀರಿ. ನಿಮ್ಮ ಲಿಂಗದ ದರ್ಶನ ಮಾಡಿ ನೀರ ಕುಡೀತೇನಿ. ಮಗಳ ಮಾರಿ ನೋಡೂತನಾ ಜೀವ ಇರಬೇಕ್ರಿ.”

ನಾನು ಹೇಳಿದ್ದು ನಿಮಗೆ ನೆನಪಿದೆಯೋ ಇಲ್ಲವೋ — ನನಗೆ ಇದೆ. “ಇಂಥ ಗದ್ದಲದಾಗ ತೆರಿಯೂದು ನಮ್ಮ ನೇಮಕ್ಕ ಬರಂಗಿಲ್ಲವ್ವಾ.”

“ಖರೇ ಅದರಿ” ಎಂದಿರಿ ನೀವು. “ನಾ ಕೇಳಬಾರದಿತ್ತು. ತಪ್ಪಾತು.” ಬಗ್ಗಿ ನನ್ನ ಕಾಲು ಮುಟ್ಟಿದಿರಿ. ಹಾಗೆ ಬಗ್ಗಿದವರು ಪೂರ್ತಿ ಏಳಲಿಲ್ಲ.

ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಮೆಹಬೂಬ ಮತ್ತು ಇನ್ನಿಬ್ಬರು ನಿಮ್ಮನ್ನು ಎತ್ತಿ ಇಳಿಸಿದರು. ಆತ ತನ್ನ ಊರಿನ ಗೊಡವೆ ಬಿಟ್ಟು ನಿಮ್ಮ ಜೊತೆ ಉಳಿದ. ಕಲ್ಲುಬೆಂಚಿನ ಮೇಲೆ ನಿಮ್ಮ ಕೈ ಕೆಳಗೆ ಜೋತಾಡುತ್ತಿತ್ತು, ಅಂಗೈ ಬಿಚ್ಚಿತ್ತು. ಗಾಡಿ ಹೊರಟಿತು. ನಾನು ಇಳಿಯಲಿಲ್ಲ.

ದೀಕ್ಷೆ ಚೆನ್ನಾಗಿ ಆಯಿತು. ಎಲ್ಲರೂ ನನ್ನ ಕಾಲಿಗೆ ಬಿದ್ದರು. ಅಂದಿನಿಂದ ದಿನಾ ಪೂಜೆ ಮಾಡಿದ್ದೇನೆ. ಅದು ಒಂದು ದಿನವೂ ತಣ್ಣಗಿರಲಿಲ್ಲ, ನೀಲವ್ವ. ಚಳಿಗಾಲದ ನಸುಕಿನಲ್ಲಿ ಬಾವಿಯ ನೀರು ಸುರಿದರೂ ಅಂಗೈಯಲ್ಲಿ ಬೆಚ್ಚಗೇ ಇರುತ್ತದೆ, ಈಗಷ್ಟೇ ಯಾರದೋ ಎದೆಯಿಂದ ತೆಗೆದಂತೆ. ಕಣ್ಣು ಮುಚ್ಚಿದರೆ ನಿಮ್ಮ ಗಂಟಲಿನ ಆ ಗುಟುಕ್ ಸದ್ದು. ಮನೆಯಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲ — ಸೊಸೆಯನ್ನು ಕೇಳಿ ನೋಡಿದ್ದೇನೆ.

ನೀವು ಉಳಿದಿರೋ ಇಲ್ಲವೋ ಗೊತ್ತಿಲ್ಲ. ಒಮ್ಮೆ ಜೇವರ್ಗಿ ಬಸ್‌ಸ್ಟ್ಯಾಂಡಿನತನಕ ಹೋಗಿ ಕೊಳಕೂರಿನ ಬಸ್ಸು ಹತ್ತದೆ ತಿರುಗಿ ಬಂದೆ. ನಮ್ಮಲ್ಲಿ ಸತ್ತವರ ಅಂಗೈಯಲ್ಲಿ ಅವರವರ ಲಿಂಗ ಇಟ್ಟು ಮಣ್ಣು ಕೊಡುತ್ತಾರೆ. ನಿಮ್ಮ ಕೈಯಲ್ಲಿ ಏನಿಟ್ಟರು? ಈ ಪ್ರಶ್ನೆ ಇಟ್ಟುಕೊಂಡು ಇಷ್ಟು ವರ್ಷ ಉಂಡಿದ್ದೇನೆ, ಮಲಗಿದ್ದೇನೆ. ಇನ್ನು ನನ್ನ ಸರದಿ ಬಂದಿದೆ. ನಾಳೆಯೋ ನಾಡಿದ್ದೋ ಸತ್ತರೆ ಮಕ್ಕಳು ಭಕ್ತಿಯಿಂದ ನಿಮ್ಮದನ್ನು ನನ್ನ ಕೈಗಿಡುತ್ತಾರೆ. ನಿನ್ನೆ ಮಗನನ್ನು ಕರೆದು ಎಲ್ಲ ಹೇಳಿದೆ. ಅವನು ಎದ್ದು ಹೋದ.

ನಾಳೆ ಮುಂಜಾನೆ ಕೊಳಕೂರಿಗೆ ಬರುತ್ತೇನೆ. ನೀವಿದ್ದರೆ ನಿಮ್ಮ ಕೈಗೆ ಕೊಡುತ್ತೇನೆ. ಇಲ್ಲದಿದ್ದರೆ ನಿಮ್ಮ ಮಗಳನ್ನು ಹುಡುಕಿ, ನಿಮ್ಮನ್ನು ಎಲ್ಲಿ ಮಣ್ಣು ಮಾಡಿದರೆಂದು ಕೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಆ ಮೋರೆ ನನಗಿಲ್ಲ. ನಿನ್ನೆ ಬೆಳಿಗ್ಗೆ ಅದನ್ನು ಕೊರಳಿಂದ ತೆಗೆದು ಬಿಳಿ ಅರಿವೆಯಲ್ಲಿ ಸುತ್ತಿಟ್ಟೆ. ಆಗಿನಿಂದ ನೀರು ಮುಟ್ಟಿಲ್ಲ. ಸೊಸೆ ತಂಬಿಗೆ ಹಿಡಿದು ಎರಡು ಸಲ ಬಂದು ಹೋದಳು.

ಆ ಸದ್ದು ಈಗಲೂ ಕೇಳುತ್ತಿದೆ. ಇವತ್ತು ಅದು ನನ್ನ ಗಂಟಲಿನದು.